ಹನ್ನೊಂದೂವರೆ ಸೆಂಟಿಮೀಟರ್

ಒಂದು ಪಟ್ಟಿಯ ಬಗ್ಗೆ ಹೇಳ್ತೀನಿ, ಕೇಳಿ. ಬೆರಳಷ್ಟು ಅಗಲ, ಮೇಲೆ ಕೆಂಪು, ಹಳದಿ, ಹಸಿರು ಬಣ್ಣ. 6 ತಿಂಗಳಿಂದ 5 ವರ್ಷದೊಳಗಿನ ಮಗುವಿನ ತೋಳಿನ ನಡುಭಾಗಕ್ಕೆ ಅದನ್ನ ಸುತ್ತಬೇಕು. ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆ ಬಂದರೆ ಕೆಂಪು, ಅಂದರೆ ತೀವ್ರ ಅಪೌಷ್ಟಿಕತೆ. 12.5ರವರೆಗೆ ಹಳದಿ. ಓದು ಬರದ ತಾಯಿಯೂ ಅಳೆಯಬಹುದು.

ಈಗ ಹೇಳಿ, 11.4 ಇರುವ ಮಗುವಿಗೂ 11.6 ಇರುವ ಮಗುವಿಗೂ ಏನು ವ್ಯತ್ಯಾಸ? ಎರಡು ಮಿಲಿಮೀಟರ್. ಆದರೆ ಮೊದಲನೆಯದಕ್ಕೆ ಚಿಕಿತ್ಸೆ ಶುರುವಾಗುತ್ತೆ: ಆಫ್ರಿಕಾದ ಹಲವು ದೇಶಗಳಲ್ಲಿ ಶೇಂಗಾ ಪೇಸ್ಟಿನ ಪೊಟ್ಟಣ, ನಮ್ಮ ಕಡೆ ಕಾಯಿಲೆಯೂ ಇದ್ದರೆ ಪೌಷ್ಟಿಕ ಪುನಶ್ಚೇತನ ಕೇಂದ್ರ. (ಅಲ್ಲಿ ಮೊದಲ ದಿನವೇ ಹೊಟ್ಟೆತುಂಬ ತಿನ್ನಿಸಲ್ಲ. ಬಡವಾದ ಮೈ ತಡೆಯಲ್ಲ, ಸ್ವಲ್ಪ ಸ್ವಲ್ಪವೇ ಹಾಲು.) ಎರಡನೆಯದು ಒಂದಿಷ್ಟು ಸಲಹೆ ಕೇಳಿಕೊಂಡು ಮನೆಗೆ ಹೋಗಬಹುದು.

ನಾನು ಡೇಟಾ ಸೈಂಟಿಸ್ಟ್. ಮಾಡೆಲ್ ಸ್ಕೋರ್ ಕೊಡುತ್ತೆ. ಎಷ್ಟರ ಮೇಲೆ 'ಹೌದು' ಅನ್ನಬೇಕು ಅನ್ನೋದನ್ನ ಮನುಷ್ಯರೇ ತೀರ್ಮಾನಿಸಬೇಕು. ಈ ಪಟ್ಟಿಯದೂ ಅದೇ ಕಥೆ. ಮೊದಲು ಗೆರೆ 11ಕ್ಕಿತ್ತು. 2009ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಅದನ್ನು 11.5ಕ್ಕೆ ಏರಿಸಿದವು. 11.2 ಇದ್ದ ಮಗುವಿನ ತೋಳು ಹಾಗೇ ಇತ್ತು, ಬಣ್ಣ ಬದಲಾಯ್ತು.

ಹಾಗಾದರೆ ಗೆರೆಯೇ ಅನ್ಯಾಯವಾ? ನನಗೆ ಹಾಗನ್ನಿಸಲ್ಲ. ಗೆರೆ ಇಲ್ಲದಿದ್ದರೆ ಇರೋ ನಾಲ್ಕು ಪೊಟ್ಟಣ ಪರಿಚಯ ಇದ್ದವರ ಮನೆ ಸೇರುತ್ತೆ. ಅನ್ಯಾಯ ಇರೋದು ಹಳದಿಯನ್ನ 'ಪರವಾಗಿಲ್ಲ' ಅಂತ ಓದೋದರಲ್ಲಿ. ಕೊಳಕು ನೀರು ಕುಡಿದು ಭೇದಿ ಹತ್ತಿದರೆ ಆ ಮಗು ಕೆಲವೇ ದಿನದಲ್ಲಿ ಕೆಂಪಿಗೆ ಇಳಿಯಬಹುದು. ಕಾಯಿಲೆ ಬಂದರೆ ಊಟ ಸೇರಲ್ಲ, ಊಟ ಸೇರದ ಮೈಗೆ ಮತ್ತೆ ಕಾಯಿಲೆ. ಇಷ್ಟೆಲ್ಲ ಇದ್ದೂ 'ತಾಯಿ ಸರಿಯಾಗಿ ಉಣಿಸಲಿಲ್ಲ' ಅಂತಾರೆ. ಕೂಲಿಗೆ ಹೋದವಳು ದಿನಕ್ಕೆ ನಾಲ್ಕು ಸಲ ಹೊಲದಿಂದ ಓಡಿ ಬರಬೇಕಿತ್ತಾ?

ನಮ್ಮ ನಮ್ಮಲ್ಲೇ ಇನ್ನೊಂದು ಮಾತಿದೆ: 'ನಮ್ಮವರ ಮೈಕಟ್ಟೇ ಸಣ್ಣದು ಬಿಡಿ.' ವಿಶ್ವ ಆರೋಗ್ಯ ಸಂಸ್ಥೆಯ 2006ರ ಬೆಳವಣಿಗೆ ಚಾರ್ಟ್ ನೋಡಿ. ನಿಮ್ಮ ಪುಟ್ಟ ಮಗುವಿಗೆ ಇಲ್ಲಿನ ಡಾಕ್ಟರ್ ಪರ್ಸೆಂಟೈಲ್ ಹೇಳೋದು ಬಹುಶಃ ಅದರಿಂದಲೇ. ಅದಕ್ಕಾಗಿ ಅಳೆದದ್ದು ಬ್ರೆಜಿಲ್, ಘಾನಾ, ನಾರ್ವೆ, ಒಮಾನ್, ಅಮೆರಿಕ ಮತ್ತು ದಕ್ಷಿಣ ದೆಹಲಿಯ ಮಕ್ಕಳನ್ನ. ಎದೆಹಾಲು, ಊಟ, ಆರೈಕೆ ಸರಿಯಿದ್ದ ಕಡೆ ಎಲ್ಲರ ಎತ್ತರ ಹೆಚ್ಚುಕಡಿಮೆ ಒಂದೇ ಥರ ಬೆಳೀತು. ಕರ್ನಾಟಕದಲ್ಲಿ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ 5 ವರ್ಷದೊಳಗಿನ ನೂರು ಮಕ್ಕಳಲ್ಲಿ 35 ಮಕ್ಕಳು ವಯಸ್ಸಿಗೆ ತಕ್ಕಷ್ಟು ಎತ್ತರ ಇಲ್ಲ. ಮೈಕಟ್ಟು ಅಂದುಬಿಟ್ಟರೆ ಆ 35 ಮಕ್ಕಳಿಗೆ ಯಾರೂ ಏನೂ ಕೊಡಬೇಕಾಗಿಲ್ಲ. ಇಂಥ ಮಕ್ಕಳನ್ನ ತೋಳಿನ ಪಟ್ಟಿ ಎಷ್ಟೋ ಸಲ ಹಸಿರು ಅಂತಲೇ ತೋರಿಸುತ್ತೆ.