ನೆಲದಡಿಯ ನೀರು ಯಾರದು?

ನಮ್ಮ ಅನೇಕ ಮನೆಗಳಲ್ಲಿ ರಾತ್ರಿ ಮಲಗುವ ಮುನ್ನ ಸೂರಃ ಅಲ್ ಮುಲ್ಕ್ ಓದುವ ರೂಢಿಯಿದೆ. ಆ ಸೂರಃ ಒಂದು ಪ್ರಶ್ನೆಯೊಂದಿಗೆ ಮುಗಿಯುತ್ತದೆ. ನಾವು ಬಳಸುವ ನೀರು ಕೈಗೆಟುಕದಷ್ಟು ಕೆಳಗೆ ಇಳಿದುಹೋದರೆ, ಅದನ್ನು ಮರಳಿ ತರುವ ಶಕ್ತಿ ಅಲ್ಲಾಹನಿಗಲ್ಲದೆ ಇನ್ನಾರಿಗಿದೆ ಎಂಬುದೇ ಆ ಪ್ರಶ್ನೆಯ ಸಾರ. ಬಾಲ್ಯದಿಂದ ನಾವು ಇದನ್ನು ಓದುತ್ತಾ ಬಂದಿದ್ದೇವೆ. ಆದರೆ ತುಮಕೂರು ಜಿಲ್ಲೆಯಲ್ಲಿ ವಾಸಿಸುವ ನಮಗೆ ಇದು ಈಗ ಬರಿಯ ದೃಷ್ಟಾಂತವಾಗಿ ಉಳಿದಿಲ್ಲ. ನೀರು ನಿಜವಾಗಿಯೂ ಕೆಳಗಿಳಿಯುತ್ತಿದೆ. ಅದನ್ನು ಕೆಳಗಿಳಿಸುತ್ತಿರುವ ಕೈಗಳಲ್ಲಿ ನಮ್ಮ ಕೈಯೂ ಇದೆ.

ಕೆಲವು ವರ್ಷಗಳ ಹಿಂದೆ ಗುಬ್ಬಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಜುಮಾ ನಮಾಝ್ ಮುಗಿದ ಬಳಿಕ ಒಬ್ಬರು ನನ್ನನ್ನು ಪಕ್ಕಕ್ಕೆ ಕರೆದರು. ವಯಸ್ಸಿನಲ್ಲಿ ನನಗಿಂತ ಹಿರಿಯರು, ಮೂರು ಎಕರೆ ಜಮೀನಿನ ರೈತರು. ಮೊದಲು ಅಲ್ಲಿ ರಾಗಿ, ಅವರೆ, ತೊಗರಿ ಬೆಳೆಯುತ್ತಿದ್ದರು. ನಂತರ ಅಡಿಕೆ ಹಾಕಿದರು. ಮೊದಲ ಕೊಳವೆಬಾವಿ ಬತ್ತಿದಾಗ ಮನೆಯವರ ಒಡವೆ ಅಡವಿಟ್ಟು 850 ಅಡಿ ಕೊರೆಸಿದರು. ಎರಡೂವರೆ ಇಂಚು ನೀರು ಬಂತು. ಎರಡು ತಿಂಗಳೊಳಗೆ ಪಕ್ಕದ ಎರಡು ಎಕರೆಯ ಒಡತಿ, ಗಂಡನನ್ನು ಕಳೆದುಕೊಂಡ ಒಬ್ಬ ಹಿಂದೂ ತಾಯಿಯ 300 ಅಡಿಯ ಕೊಳವೆಬಾವಿ ನಿಂತುಹೋಯಿತು.

"ಹಜ್ರತ್, ಆಯಮ್ಮ ನನಗೆ ಒಂದು ಮಾತೂ ಅನ್ನಲಿಲ್ಲ. ಅದೇ ನನಗೆ ಕಷ್ಟವಾಗಿದೆ. ಇದು ನನ್ನ ಮೇಲೆ ಗುನಾಹ್ ಆಗುತ್ತದೆಯೇ?" ಎಂದು ಅವರು ಕೇಳಿದರು.

ಬಸ್ಸಿಗೆ ಹೊತ್ತಾಗಿತ್ತು. "ನೀವು ನಿಮ್ಮ ಸ್ವಂತ ಜಮೀನಿನಲ್ಲಿ ಕೊರೆಸಿದ್ದೀರಿ. ಗುನಾಹ್ ಏನಿದೆ?" ಎಂದುಬಿಟ್ಟೆ. ಅವರು ಸಮಾಧಾನದಿಂದ ಹೋದರು. ಆದರೆ ನನಗೆ ಸಮಾಧಾನವಾಗಲಿಲ್ಲ. ಕೇಳಿದವರ ಮನಸ್ಸಾಕ್ಷಿ ಎಚ್ಚರವಾಗಿತ್ತು. ಅದನ್ನು ಮಲಗಿಸಿ ಕಳುಹಿಸಿದವನು ನಾನಾಗಿದ್ದೆ.

ಕಾನೂನು ಏನು ಹೇಳುತ್ತದೆ?

ನನ್ನ ಉತ್ತರ ತಪ್ಪೆಂದು ಯಾವ ನ್ಯಾಯಾಲಯವೂ ಸುಲಭವಾಗಿ ಹೇಳಲಾರದು. 1882ರ ಭಾರತೀಯ ಈಸ್‌ಮೆಂಟ್ ಕಾಯ್ದೆಯ 7ನೇ ಕಲಮು, ನೆಲದಡಿಯಲ್ಲಿ ಗೊತ್ತಾದ ಕಾಲುವೆಯಲ್ಲಿ ಹರಿಯದ ನೀರನ್ನು ತನ್ನ ಎಲ್ಲೆಯೊಳಗೆ ಸಂಗ್ರಹಿಸಿಕೊಳ್ಳುವ ಹಕ್ಕನ್ನು ಭೂಮಾಲಿಕನಿಗೆ ಕೊಡುತ್ತದೆ. ಕರ್ನಾಟಕದ 2011ರ ಅಂತರ್ಜಲ ಕಾಯ್ದೆಯು ಅಧಿಸೂಚಿತ ಪ್ರದೇಶಗಳಲ್ಲಿ ಕೊರೆಸುವ ಮುನ್ನ ಅನುಮತಿ ಪಡೆಯಬೇಕೆಂದು ವಿಧಿಸಿದೆ. ಆದರೂ ತನ್ನ ನೆಲದಡಿಯ ನೀರು ತನ್ನದೇ ಎಂಬ ಭಾವನೆ ಜನರಲ್ಲಿ ಹಾಗೆಯೇ ಉಳಿದಿದೆ.

ನಮ್ಮ ಫಿಕ್ಹ್‌ನಲ್ಲೂ ಇಂತಹ ಅಭಿಪ್ರಾಯವಿದೆ. ತುರ್ಕಿಯ ಉಸ್ಮಾನಿಯಾ ಸಾಮ್ರಾಜ್ಯದಲ್ಲಿ 1869ರಿಂದ 1876ರ ನಡುವೆ ಹನಫೀ ಫಿಕ್ಹ್‌ನ ಆಧಾರದಲ್ಲಿ ಸಿದ್ಧವಾದ 'ಮಜಲ್ಲ' ಎಂಬ ಕಾನೂನು ಸಂಹಿತೆಯ ಪ್ರಕಾರ, ಒಬ್ಬನು ತನ್ನ ಸ್ವಂತ ಜಾಗದಲ್ಲಿ ಬಾವಿ ತೋಡಿದ್ದರಿಂದ ನೆರೆಯವನ ಬಾವಿಯ ನೀರು ಕಡಿಮೆಯಾದರೂ ಅವನನ್ನು ತಡೆಯಲಾಗದು. ಹಾಗಾದರೆ ನಾನು ಕೊಟ್ಟ ಉತ್ತರದಲ್ಲಿ ದೋಷವೇನು?

ದೋಷಗಳು ಎರಡು. ಮೊದಲನೆಯದಾಗಿ, ನಮ್ಮ ಉಲಮಾಗಳು 'ಕಝಾ' ಮತ್ತು 'ದಿಯಾನತ್' ಎಂದು ಎರಡನ್ನು ಬೇರ್ಪಡಿಸಿದ್ದಾರೆ. ಕಾಝಿಯ ಮುಂದೆ ನಿಲ್ಲುವ ಲೆಕ್ಕ ಒಂದು, ಅಲ್ಲಾಹನ ಮುಂದೆ ನಿಲ್ಲುವ ಲೆಕ್ಕ ಇನ್ನೊಂದು. ಆ ಸಹೋದರರು ನನ್ನಲ್ಲಿ ಕೇಳಿದ್ದು ಎರಡನೆಯದನ್ನು. ನಾನು ಕೊಟ್ಟದ್ದು ಮೊದಲನೆಯದರ ಉತ್ತರವನ್ನು.

ಎರಡನೆಯದಾಗಿ, ಆ ತೀರ್ಪುಗಳು ಕೈಯಿಂದ ತೋಡಿದ ಬಾವಿಗಳ ಕಾಲದವು. ಏತ, ಕಪಿಲೆಗಳ ಕಾಲದಲ್ಲಿ ಮನುಷ್ಯನೂ ಎತ್ತೂ ದಣಿಯುತ್ತಿದ್ದವು. ಸಂಜೆಯಾದರೆ ಬಾವಿಗೆ ವಿಶ್ರಾಂತಿ ಸಿಗುತ್ತಿತ್ತು. ನೆರೆಯವನ ನೀರನ್ನು ಪೂರ್ತಿ ಎಳೆದುಕೊಳ್ಳಬೇಕೆಂದರೂ ಆಗುತ್ತಿರಲಿಲ್ಲ. ಇಂದು ರಿಗ್ ಲಾರಿ ಒಂದೆರಡು ದಿನದಲ್ಲಿ ಸಾವಿರ ಅಡಿ ಕೊರೆಯುತ್ತದೆ. ಮೋಟಾರಿಗೆ ದಣಿವಿಲ್ಲ. 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ವಿದ್ಯುತ್ತಿನ ಬಿಲ್ಲೂ ಇಲ್ಲ. ಹಿಂದೆ ದೇಹದ ದಣಿವು ಹಾಕುತ್ತಿದ್ದ ಮಿತಿಯನ್ನು ಇಂದು ಈಮಾನ್ ಹಾಕಬೇಕಾಗಿದೆ.

ಹರ್ರಾದ ಕಾಲುವೆ

ಸಹೀಹ್ ಬುಖಾರಿ ಮತ್ತು ಮುಸ್ಲಿಮ್‌ನಲ್ಲಿ ವರದಿಯಾದ ಒಂದು ಘಟನೆಯನ್ನು ಇಲ್ಲಿ ನೆನಪಿಸಿಕೊಳ್ಳಬೇಕು. ಮದೀನಾದ ಹರ್ರಾ ಎಂಬ ಕಲ್ಲುನೆಲದಿಂದ ಹರಿದುಬರುವ ಕಾಲುವೆಯ ನೀರಿನ ಬಗ್ಗೆ ಹಝ್ರತ್ ಝುಬೈರ್(ರ) ಮತ್ತು ಒಬ್ಬ ಅನ್ಸಾರಿಯ ನಡುವೆ ವಿವಾದವಾಯಿತು. ಝುಬೈರ್‌ರ(ರ) ತೋಟ ಮೇಲಿತ್ತು, ಅನ್ಸಾರಿಯದು ಕೆಳಗೆ. ಪ್ರವಾದಿವರ್ಯರು(ಸ) ಮೊದಲು ಝುಬೈರ್‌ಗೆ(ರ), ತೋಟಕ್ಕೆ ನೀರು ಹಾಯಿಸಿ ನೆರೆಯವನಿಗೆ ಬಿಟ್ಟುಬಿಡಲು ಹೇಳಿದರು. ಇದು ಸೌಹಾರ್ದದ ತೀರ್ಮಾನವಾಗಿತ್ತು. ಅನ್ಸಾರಿಯು ಇದನ್ನು ಪಕ್ಷಪಾತವೆಂದು ಆಕ್ಷೇಪಿಸಿದಾಗ ಪ್ರವಾದಿವರ್ಯರು(ಸ) ಝುಬೈರ್‌ಗೆ(ರ) ಅವರ ಪೂರ್ಣ ಹಕ್ಕನ್ನು ಕೊಟ್ಟರು. ನೀರು ತೋಟದ ಬದುವನ್ನು ಮುಟ್ಟುವವರೆಗೆ ತಡೆದು, ಆಮೇಲೆ ಬಿಡಲು ಹೇಳಿದರು. ಅದು ಕಾಲಿನ ಹರಡಿನಷ್ಟು ಎತ್ತರವೆಂದು ಜನರು ಅಳೆದುಕೊಂಡರು.

ಈ ತೀರ್ಪಿನಲ್ಲಿ ಮೂರು ಪಾಠಗಳಿವೆ. ಮೇಲಿನವನ ಹಕ್ಕು ಮೊದಲು ಬರುತ್ತದೆ. ಆದರೆ ಆ ಹಕ್ಕಿಗೂ ಅಳತೆಯಿದೆ. ಹರಡು ಮುಳುಗಿದ ಮೇಲಿನ ನೀರು ಕೆಳಗಿನವನದು. ಮತ್ತು ಪೂರ್ಣ ಹಕ್ಕಿಗಿಂತ ಮೊದಲೇ ಬಿಟ್ಟುಕೊಡುವುದು ಇಹ್ಸಾನ್, ಪ್ರವಾದಿವರ್ಯರ(ಸ) ಮೊದಲ ಸಲಹೆಯೂ ಅದೇ ಆಗಿತ್ತು.

ಈಗ ನಮ್ಮ ಹೊಲಗಳನ್ನು ನೋಡಿ. ಕೊಳವೆಬಾವಿಗಳ ಲೋಕದಲ್ಲಿ 'ಮೇಲಿನವನು' ಯಾರು? ಯಾರು ಹೆಚ್ಚು ಆಳಕ್ಕೆ ಇಳಿದನೋ ಅವನೇ. ನೀರು ಮೊದಲು ಅವನ ಮೋಟಾರಿಗೆ ಹೋಗುತ್ತದೆ. 850 ಅಡಿಯವನು ಮೇಲ್ದಂಡೆಯವನು, 300 ಅಡಿಯವಳು ಕಾಲುವೆಯ ಕೊನೆಯವಳು. ಕಾಲುವೆಯಲ್ಲಾದರೆ ತಡೆದ ನೀರು ಕಣ್ಣಿಗೆ ಕಾಣುತ್ತದೆ. ನೆಲದಡಿಯಲ್ಲಿ ಕಾಣುವುದಿಲ್ಲ. ಎಲ್ಲವನ್ನೂ ಕಾಣುವ ಅಲ್ಲಾಹನನ್ನು ನಂಬಿದವರಿಗೆ ಈ ವ್ಯತ್ಯಾಸ ಒಂದು ನೆಪವಾಗಬಾರದು.

ಒಂದು ಎಕರೆಯ ಲೆಕ್ಕ

ಹಾಗಾದರೆ ನಮ್ಮ 'ಹರಡಿನ ಅಳತೆ' ಯಾವುದು? ಸ್ಥೂಲವಾಗಿ ಲೆಕ್ಕ ಹಾಕಬಹುದು. ಒಂದು ಎಕರೆಯಲ್ಲಿ ಸುಮಾರು 550 ಅಡಿಕೆ ಮರಗಳಿರುತ್ತವೆ. ಹನಿ ನೀರಾವರಿಯಲ್ಲಿ ಬೇಸಿಗೆಯ ದಿನ ಒಂದು ಮರಕ್ಕೆ 16ರಿಂದ 20 ಲೀಟರ್ ಬೇಕು. 20 ಲೀಟರಿನಂತೆ ದಿನಕ್ಕೆ 11,000 ಲೀಟರ್, ನಾಲ್ಕು ತಿಂಗಳಿಗೆ ಸುಮಾರು 13 ಲಕ್ಷ ಲೀಟರ್. ಅದೇ ಎಕರೆಯ ಮೇಲೆ ವರ್ಷಕ್ಕೆ 650 ಮಿಲಿಮೀಟರ್ ಮಳೆ ಬಿತ್ತೆಂದು ಇಟ್ಟುಕೊಂಡರೆ ಒಟ್ಟು 26 ಲಕ್ಷ ಲೀಟರ್. ಗಟ್ಟಿ ಬಂಡೆಯ ನಮ್ಮ ಸೀಮೆಯಲ್ಲಿ ಅದರ ಸುಮಾರು ಹತ್ತನೇ ಒಂದು ಪಾಲು ಮಾತ್ರ ಅಂತರ್ಜಲ ಸೇರುತ್ತದೆ. ಅಂದರೆ 2.6 ಲಕ್ಷ ಲೀಟರ್. ಉಳಿದದ್ದು ಹರಿದುಹೋಗುತ್ತದೆ, ಆವಿಯಾಗುತ್ತದೆ ಅಥವಾ ಗಿಡಮರಗಳ ಪಾಲಾಗುತ್ತದೆ.

ಹೀಗೆ ಒಂದು ಎಕರೆ ಅಡಿಕೆಯು ಬೇಸಿಗೆಯೊಂದರಲ್ಲೇ ಐದು ಎಕರೆಯಲ್ಲಿ ಇಂಗಿದ ಮಳೆಯನ್ನು ಕುಡಿಯುತ್ತದೆ. ಮೂರು ಎಕರೆಗೆ ಹದಿನೈದು ಎಕರೆ ಬೇಕು. ಆ ಉಳಿದ ಹನ್ನೆರಡು ಎಕರೆ ಯಾರದು? ಅದರಲ್ಲಿ ಆ ತಾಯಿಯ ಎರಡು ಎಕರೆಯೂ ಸೇರಿದೆ. ಕೆರೆಯೋ ನಾಲೆಯೋ ಹತ್ತಿರವಿಲ್ಲದ ಕಡೆ ಒಬ್ಬನ ತೋಟ ಹಸಿರಾಗಿರಬೇಕಾದರೆ ನಾಲ್ವರು ಬೋರು ಕೊರೆಸದೆ ಸುಮ್ಮನಿರಬೇಕು. ಎಲ್ಲರೂ ಕೊರೆಸಿದರೆ ಯಾರ ತೋಟವೂ ಉಳಿಯದು.

ಹಾಗೆಂದು ಅಡಿಕೆ ಬೆಳೆದವರನ್ನು ದೂಷಿಸುವುದು ನ್ಯಾಯವಲ್ಲ. ಆ ಸಹೋದರರ ಮಗಳು ತುಮಕೂರಿನ ಕಾಲೇಜಿಗೆ ಹೋಗುತ್ತಿದ್ದುದು ಅಡಿಕೆಯ ಹಣದಿಂದ. ರಾಗಿ ಹೊಟ್ಟೆ ತುಂಬಿಸುತ್ತದೆ, ಫೀಸು ಕಟ್ಟುವುದಿಲ್ಲ. ಇಸ್ಲಾಮ್ ಬಡತನವನ್ನು ಪುಣ್ಯವೆಂದು ಕಲಿಸುವುದಿಲ್ಲ. ಗಿಡ ನೆಟ್ಟವನ ಫಲವನ್ನು ಹಕ್ಕಿಯೋ ಪ್ರಾಣಿಯೋ ತಿಂದರೂ ಅದು ಅವನಿಗೆ ಸದಕಾ ಎಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಪಾಳುಭೂಮಿಯನ್ನು ಹಸನುಗೊಳಿಸುವವರನ್ನು ಅವರು ಪ್ರೋತ್ಸಾಹಿಸಿದ್ದಾರೆ. ಆದುದರಿಂದ ಅಭಿವೃದ್ಧಿ ಬೇಕೇ ಬೇಡವೇ ಎಂಬುದು ಪ್ರಶ್ನೆಯಲ್ಲ. ನನ್ನ ಏಳಿಗೆಯ ಬೆಲೆಯನ್ನು ಯಾರು ತೆರುತ್ತಿದ್ದಾರೆ ಎಂಬುದೇ ಪ್ರಶ್ನೆ. ಪಕ್ಕದ ಹೊಲದವಳೋ, ಇನ್ನೂ ಹುಟ್ಟದ ಮೊಮ್ಮಕ್ಕಳೋ ತೆರುತ್ತಿದ್ದರೆ, ಅದು ಅವರನ್ನು ಕೇಳದೆ ಅವರಿಂದ ಪಡೆದ ಸಾಲ. ಸಾಲ ತೀರಿಸದೆ ಸತ್ತವನ ವಿಚಾರದಲ್ಲಿ ಪ್ರವಾದಿವರ್ಯರು(ಸ) ಎಷ್ಟು ಕಟ್ಟುನಿಟ್ಟಾಗಿದ್ದರೆಂಬುದು ನಮಗೆಲ್ಲ ತಿಳಿದಿದೆ.

ಗುಬ್ಬಿ ಮತ್ತು ಕುಣಿಗಲ್

ಇದೇ ಪ್ರಶ್ನೆ ಈಗ ತಾಲ್ಲೂಕುಗಳ ನಡುವೆಯೂ ಎದ್ದಿದೆ. ಹಾಸನ ಜಿಲ್ಲೆಯ ಗೊರೂರು ಅಣೆಕಟ್ಟಿನಿಂದ ಹೇಮಾವತಿಯ ನೀರು ನಾಲೆಯ ಮೂಲಕ ನಮ್ಮ ಜಿಲ್ಲೆಗೆ ಬರುತ್ತದೆ. ಬುಗುಡನಹಳ್ಳಿ ಕೆರೆಯ ಮೂಲಕ ತುಮಕೂರು ನಗರವೂ ಅದನ್ನೇ ಕುಡಿಯುತ್ತದೆ. ಕೊನೆಯಲ್ಲಿರುವ ನಮಗೆ ನಮ್ಮ ಪಾಲು ತಲುಪುತ್ತಿಲ್ಲ ಎಂಬುದು ಕುಣಿಗಲ್ಲಿನವರ ಕೊರಗು. ಎಕ್ಸ್‌ಪ್ರೆಸ್ ಲಿಂಕ್ ಕೆನಾಲ್ ಮಾಡಿ ನೀರನ್ನು ನೇರವಾಗಿ ಅತ್ತ ಒಯ್ದರೆ ನಮ್ಮ ಕೆರೆಗಳು ಬರಿದಾಗುತ್ತವೆ ಎಂಬುದು ಗುಬ್ಬಿಯ ಕಡೆಯವರ ಭಯ. 2025ರ ಮೇ ತಿಂಗಳಲ್ಲಿ ಗುಬ್ಬಿ ತಾಲ್ಲೂಕಿನಲ್ಲಿ ಇದರ ವಿರುದ್ಧ ದೊಡ್ಡ ಪ್ರತಿಭಟನೆ ನಡೆಯಿತು. ಯಾರಿಗೆ ಎಷ್ಟು ನೀರು ಎಂಬ ಲೆಕ್ಕ ತಜ್ಞರಿಗೂ ನ್ಯಾಯಪೀಠಗಳಿಗೂ ಸೇರಿದ್ದು. ಆದರೆ ಎರಡೂ ಕಡೆಯ ನಮ್ಮ ಜನರು ಒಂದನ್ನು ಮರೆಯಬಾರದು. ದೇವರಾಯನದುರ್ಗದಲ್ಲಿ ಹುಟ್ಟುವ ಶಿಂಷಾ ನದಿಯು ಗುಬ್ಬಿ ತಾಲ್ಲೂಕಿನ ಕಡಬ ಕೆರೆಯನ್ನು ತುಂಬಿ, ಮುಂದೆ ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯ ಸೇರುತ್ತದೆ. ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನ ಕೆರೆಗೆ ಜೀವ. ನಮ್ಮ ಹಿರಿಯರು ಕಟ್ಟಿದ ಕೆರೆಸಾಲುಗಳೆಲ್ಲ ಹೀಗೆಯೇ ಇದ್ದವು. ಊರಿನ ನೀರುಗಂಟಿ ಸರದಿಯಂತೆ ತೂಬು ಎತ್ತುತ್ತಿದ್ದ. ಯಾರ ಗದ್ದೆಗೆ ಎಷ್ಟು ಹೊತ್ತು ಎಂಬುದು ಇಡೀ ಊರಿಗೆ ಗೊತ್ತಿತ್ತು. ಹರ್ರಾದ ಕಾಲುವೆಯ ನ್ಯಾಯ ನಮ್ಮ ನೆಲಕ್ಕೆ ಅಪರಿಚಿತವಾಗಿರಲಿಲ್ಲ. ಊರಿಗೊಂದು ಕೆರೆಯಿದ್ದಾಗ ಇದ್ದ ಆ ನ್ಯಾಯವನ್ನು ಹೊಲಕ್ಕೊಂದು ಬೋರು ಬಂದಾಗ ನಾವು ಕೈಬಿಟ್ಟೆವು.

ನಾವು ಮಾಡಬಹುದಾದದ್ದು

ಮೊದಲನೆಯದು, ಇರುವ ತೋಟವನ್ನು ಉಳಿಸಿಕೊಂಡು ಹೊಸ ಎಕರೆಗೆ ವಿಸ್ತರಿಸುವ ಮುನ್ನ ನೀರಿನ ಲೆಕ್ಕ ನೋಡುವುದು. 2019ರ ಡಿಸೆಂಬರ್ 25ರಂದು ಆರಂಭವಾದ ಅಟಲ್ ಭೂಜಲ ಯೋಜನೆಯು ಪಂಚಾಯಿತಿ ಮಟ್ಟದಲ್ಲಿ ಇಂತಹ ಲೆಕ್ಕವನ್ನು ಗ್ರಾಮಸ್ಥರೇ ಬರೆಯಬೇಕೆಂಬ ವಿಚಾರವನ್ನು ಮುಂದಿಟ್ಟಿತು. ಹೊಲದಲ್ಲಿ ಬದು, ಕೃಷಿ ಹೊಂಡ, ಕೊಳವೆಬಾವಿಯ ಪಕ್ಕದಲ್ಲಿ ಇಂಗುಗುಂಡಿ, ಮರದ ಬುಡಕ್ಕೆ ಸೋಗೆಯ ಹೊದಿಕೆ, ಹನಿ ನೀರಾವರಿ, ಇವೆಲ್ಲ ತೆಗೆದುಕೊಂಡದ್ದರಲ್ಲಿ ಒಂದಿಷ್ಟನ್ನಾದರೂ ಭೂಮಿಗೆ ಮರಳಿಸುವ ದಾರಿಗಳು. ಕೆರೆಯ ಹೂಳೆತ್ತುವ ಕೆಲಸಕ್ಕೆ ಊರವರೊಂದಿಗೆ ಕೈಜೋಡಿಸುವುದು ಸದಕಾ ಜಾರಿಯಾ ಆಗಬಲ್ಲದು. ಹಝ್ರತ್ ಉಸ್ಮಾನ್(ರ) ಮದೀನಾದ ರೂಮಾ ಬಾವಿಯನ್ನು ಕೊಂಡು ಸರ್ವರಿಗೂ ಬಿಟ್ಟುಕೊಟ್ಟರು. ಕುಡಿಯುವ ನೀರಿನಲ್ಲಿ ಎಲ್ಲರ ಪಾಲಿದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಮಾದರಿ ಬೇಕೇ?

ಜಮೀನಿಲ್ಲದ ಓದುಗರು ಇದು ತಮಗೆ ಸಂಬಂಧಿಸಿದ್ದಲ್ಲವೆಂದು ಭಾವಿಸಬಾರದು. ಪ್ರವಾದಿವರ್ಯರು(ಸ) ಒಂದು ಮುದ್ದ್ ನೀರಿನಲ್ಲಿ, ಅಂದರೆ ಹೆಚ್ಚು ಕಡಿಮೆ ಒಂದು ಲೀಟರಿನೊಳಗೆ, ವುಝೂ ಮುಗಿಸುತ್ತಿದ್ದರು. ನಮ್ಮ ಮಸೀದಿಗಳ ನಲ್ಲಿಗಳ ಮುಂದೆ ನಾವು ಎಷ್ಟು ಹರಿಸುತ್ತೇವೆ? ಆ ನೀರು ಚರಂಡಿಗೆ ಹೋಗದೆ ಇಂಗುಗುಂಡಿಗೆ ಹೋಗುವಂತೆ ಮಾಡುವುದು ಯಾವ ಜಮಾಅತ್‌ಗೂ ದೊಡ್ಡ ಖರ್ಚಲ್ಲ.

ಮುಂದಿನ ತಿಂಗಳು ನಾನು ಆ ಹಳ್ಳಿಗೆ ಮತ್ತೆ ಹೋದೆ. "ಅಂದು ಅವಸರದಲ್ಲಿ ಉತ್ತರ ಕೊಟ್ಟೆ, ನನ್ನನ್ನು ಕ್ಷಮಿಸಿ" ಎಂದು ಹೇಳಿ ಝುಬೈರ್‌ರ(ರ) ಘಟನೆಯನ್ನು ತಿಳಿಸಿದೆ. ಅವರು ಬಹಳ ಹೊತ್ತು ಸುಮ್ಮನಿದ್ದರು. "ಸಾಲ ಇದೆ ಹಜ್ರತ್. ಮೋಟಾರು ನಿಲ್ಲಿಸಲು ಆಗುವುದಿಲ್ಲ" ಎಂದರು. ನಿಲ್ಲಿಸಬೇಕೆಂದು ನಾನೂ ಹೇಳಲಿಲ್ಲ. ಕೆಲವು ವಾರಗಳ ನಂತರ ತಿಳಿಯಿತು. ಅವರು ಬದುವಿನಾಚೆಗೆ ಒಂದು ಪೈಪು ಎಳೆದು, ಆ ತಾಯಿಯ ಮನೆಗೆ, ದನಗಳಿಗೆ, ಇಪ್ಪತ್ತು ತೆಂಗಿನ ಮರಗಳಿಗೆ ವಾರದಲ್ಲಿ ಎರಡು ಸರದಿ ನೀರು ಬಿಡುತ್ತಿದ್ದರು. ಪೂರ್ಣ ನ್ಯಾಯ ಇದರಿಂದ ಆಯಿತೆಂದು ನಾನು ಹೇಳಲಾರೆ. ಆದರೆ ನೀರು ಹರಡು ಮುಟ್ಟಿದ ಮೇಲೆ ಬಿಡಬೇಕೆಂಬ ಅರಿವು ಅವರಲ್ಲಿ ಮೂಡಿತ್ತು.

ಇಂದು ರಾತ್ರಿಯೂ ನಮ್ಮ ಮನೆಗಳಲ್ಲಿ ಸೂರಃ ಅಲ್ ಮುಲ್ಕ್ ಓದಲಾಗುವುದು. ಅದೇ ಹೊತ್ತಿಗೆ ಎಷ್ಟೋ ಹೊಲಗಳಲ್ಲಿ ತ್ರೀ ಫೇಸ್ ವಿದ್ಯುತ್ ಬಂದು ಮೋಟಾರುಗಳು ಆರಂಭವಾಗುವುವು. ಕೊನೆಯ ಆಯತ್ ಓದುವಾಗ ಒಂದು ಕ್ಷಣ ನಿಂತು, ನಾನು ಬಳಸುತ್ತಿರುವ ನೀರಿನಲ್ಲಿ ಯಾರ ಪಾಲಿದೆ ಎಂದು ಕೇಳಿಕೊಳ್ಳೋಣ. ಅಲ್ಲಾಹನು ನಮ್ಮ ಸಂಪಾದನೆಯನ್ನು ಹಲಾಲ್ ಆಗಿಯೂ, ನೆರೆಯವರಿಗೆ ಹಾನಿಯಾಗದಂತೆಯೂ ಇರಿಸಲಿ. ಅವನು ಕೊಟ್ಟ ನೀರನ್ನು ಅಳತೆಯರಿತು ಬಳಸುವ ತೌಫೀಕ್ ಅನುಗ್ರಹಿಸಲಿ. ಆಮೀನ್.