ಮಿತ್ರನು ಮುಚ್ಚಿಟ್ಟ ಮಾತು

ಮಿತ್ರನ ಗುಟ್ಟನ್ನು ಮುಚ್ಚಿಡುವುದು ಸನ್ಮಿತ್ರನ ಲಕ್ಷಣಗಳಲ್ಲೊಂದೆಂದು ಭರ್ತೃಹರಿಯು ನೀತಿಶತಕದಲ್ಲಿ ಹೇಳಿರುವನು. ಬಹುಕಾಲ ಹುಡುಗರಿಂದ ಇದನ್ನು ಬಾಯಿಪಾಠ ಮಾಡಿಸಿದವನು ನಾನು. ಆದರೆ ಆ ಗುಟ್ಟು ಮಿತ್ರನ ಜನ್ಮವೃತ್ತಾಂತವೇ ಆಗಿದ್ದು, ಅವನೊಬ್ಬನಿಗೇ ತಿಳಿಯದಿದ್ದರೆ, ಮುಚ್ಚಿಟ್ಟವನನ್ನು ಏನೆಂದು ಕರೆಯಬೇಕು? ಪಂಪ ರನ್ನರಿಬ್ಬರೂ ಈ ಪ್ರಶ್ನೆಯನ್ನು ನಮ್ಮ ಮುಂದಿಟ್ಟಿರುವರು.

ಕ್ರಿ. ಶ. 941ರ ಸುಮಾರಿನ ಪಂಪನ ವಿಕ್ರಮಾರ್ಜುನವಿಜಯದಲ್ಲಿ ಶ್ರೀಕೃಷ್ಣನು ಕರ್ಣನಿಗೆ ಅವನ ಹುಟ್ಟನ್ನು ತಿಳಿಸುವನು. ದುರ್ಯೋಧನನು ಋಷಿಯೊಬ್ಬನಿಂದ ಇದನ್ನು ಮೊದಲೇ ಅರಿತು, ಮುಳ್ಳಿನಿಂದ ಮುಳ್ಳನ್ನು ತೆಗೆಯಲೆಂದೇ ನಿನ್ನೊಡನೆ ಸ್ನೇಹವನ್ನು ಬೆಳೆಸಿದನೆಂದೂ ಹೇಳುವನು. ಇದು ಭೇದೋಪಾಯವೇ ಸರಿ. ಆದರೂ ಸುಳ್ಳೆಂದು ತಳ್ಳುವಂತಿಲ್ಲ. ಕರ್ಣನಾದರೋ ಆ ಆರೋಪಕ್ಕೆ ಉತ್ತರವನ್ನೇ ಕೊಡದೆ ಭಾನುಮತಿಯ ಪಗಡೆಯಾಟವನ್ನು ನೆನೆಯುವನು. ಹಾರವು ಹರಿದು ಮುತ್ತುಗಳು ಚೆಲ್ಲಿದಾಗ, ಶಂಕೆಯ ಲೇಶವೂ ಇಲ್ಲದೆ, ಇವನ್ನು ಆಯಲೇ ಎಂದು ಕೇಳಿದ ಅರಸನನ್ನು ಬಿಟ್ಟು ಬರುವುದೆಂತು? ಸ್ವಾರ್ಥದಿಂದ ಮೊದಲಾದ ಸ್ನೇಹವೂ ಆ ಮುತ್ತುಗಳ ನಡುವೆ ಎಲ್ಲಿಯೋ ನಿಜವಾಗಿರಬೇಕು.

ರನ್ನನ ಗದಾಯುದ್ಧದಲ್ಲಿ ಕರ್ಣನು ಶವವಾಗಿ ಮಲಗಿರುವನು. ಸಂಜಯನೊಡನೆ ಹೆಣಗಳನ್ನು ದಾಟುತ್ತ ಶರಶಯ್ಯೆಯ ಭೀಷ್ಮನಲ್ಲಿಗೆ ನಡೆದಿರುವ ದುರ್ಯೋಧನನು ಅವನನ್ನು ಕಂಡು ನಿಲ್ಲುವನು. ನೀನು ಯಾರ ಮಗನೆಂಬುದನ್ನು ನಾನು ಬಲ್ಲೆನೆಂದು ಅಲ್ಲಿ ತಾನಾಗಿಯೇ ಹೇಳುವನು. ಇಲ್ಲಿ ಹೊರಗಿನ ಆರೋಪವಿಲ್ಲ, ಕೇಳುವ ಕಿವಿಯೂ ಇಲ್ಲ. ಈ ಒಂದು ಎಡೆಯಲ್ಲಿ ನಾನು ರನ್ನನನ್ನು ಪಂಪನಿಗಿಂತ ಮೇಲಕ್ಕೆ ಇಡುವೆನು, ವಾಚಕರು ಕ್ಷಮಿಸಬೇಕು.

ಅಮೆರಿಕದ ಲ್ಯಾರಿ ಮೆಕ್‌ಮರ್ಟ್ರಿಯು 1985ರಲ್ಲಿ ಪ್ರಕಟಿಸಿದ ‘ಲೋನ್‌ಸಮ್ ಡವ್’ ಕಾದಂಬರಿಯಲ್ಲಿಯೂ ಇಂಥದೇ ಗುಟ್ಟೊಂದುಂಟು. ಗಸ್, ಕಾಲ್ ಎಂಬ ಹಳೆಯ ಗೆಳೆಯರು ಟೆಕ್ಸಾಸಿನಿಂದ ಮೊಂಟಾನಾ ಸೀಮೆಗೆ ದನದ ಮಂದೆಯನ್ನು ಹೊಡೆದುಕೊಂಡು ಹೋಗುವರು. ಜೊತೆಯಲ್ಲಿರುವ ಹುಡುಗನು ಕಾಲ್‌ನ ಮಗನೇ. ಆದರೆ ಕಾಲ್‌ನು ಅವನನ್ನು ಮಗನೆಂದು ಕರೆಯಲಾರನು. ಬಲ್ಲವನಾದ ಗಸ್ ಸುಮ್ಮನಿರದೆ ಗೆಳೆಯನನ್ನು ಚುಚ್ಚುತ್ತಲೇ ಇರುವನು. ಆ ನಿಷ್ಠುರತೆಯು ದುರ್ಯೋಧನನಿಗೆ ಒದಗಲಿಲ್ಲ.

ಹೇಳಿದ್ದರೆ ಏನಾಗುತ್ತಿತ್ತು? ತಿಳಿದ ಮೇಲೆಯೂ ಕರ್ಣನು ಹೋಗಲಿಲ್ಲವಷ್ಟೆ, ಹಾನಿಯೇನೆಂದು ಕೇಳಬಹುದು. ಋಷಿಯ ಮಾತನ್ನು ಕೇಳಿದಂದೇ ಹೇಳಿದ್ದರೆ ಕರ್ಣನು ಹೋಗಲೂ ಇರಲೂ ಸ್ವತಂತ್ರನಾಗಿದ್ದನು. ಕೃಷ್ಣನು ಹೇಳುವ ವೇಳೆಗೆ ಯುದ್ಧವು ಬಾಗಿಲಿಗೆ ಬಂದಿತ್ತು. ಆಗ ಹೋಗುವುದು ದ್ರೋಹವೇ ಆಗುತ್ತಿತ್ತು. ಮಿತ್ರನಿಂದ ದುರ್ಯೋಧನನು ಕಸಿದುಕೊಂಡುದು ಆ ಸ್ವಾತಂತ್ರ್ಯವನ್ನು. ಇಷ್ಟಾದರೂ, ಹೆಣದ ಮುಂದೆ ನಿಂತು ಅದನ್ನು ಒಪ್ಪಿಕೊಂಡವನನ್ನು ಬರಿಯ ಸ್ವಾರ್ಥಿಯೆನ್ನಲು ನನಗೆ ನಾಲಗೆ ಏಳದು.