ಬಾವಿ ಯಾರದು, ಹೊಣೆ ಯಾರದು?

ತನ್ನ ಹಿತ್ತಿಲ ಬಾವಿಯ ನೀರನ್ನೇ ಕುಡಿದು ಒಬ್ಬನು ರೋಗಿಯಾದರೆ, ಪರೀಕ್ಷಿಸದೆ ಕುಡಿದುದು ಅವನದೇ ತಪ್ಪೆನ್ನಬಹುದೇ? ಅಮೆರಿಕದ ಕಾನೂನಿನ ಧೋರಣೆ ಹೆಚ್ಚುಕಡಿಮೆ ಇದೇ. ಅಲ್ಲಿನ 1974ರ ಕುಡಿಯುವ ನೀರಿನ ಕಾಯಿದೆಯು ಸಾರ್ವಜನಿಕ ಸರಬರಾಜನ್ನು ಕಾಯುತ್ತದೆ. ಖಾಸಗಿ ಬಾವಿಯನ್ನು ಒಡೆಯನಿಗೇ ಬಿಡುತ್ತದೆ.

ಆದರೆ ನೈಟ್ರೇಟಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಕುದಿಸಿದರೆ ನೀರು ಆವಿಯಾಗಿ, ಉಳಿದುದರಲ್ಲಿ ಅದರ ಸಾಂದ್ರತೆ ಹೆಚ್ಚುತ್ತದೆ. ಮಗುವಿಗೆ ಕಾಯಿಸಿದ ನೀರೇ ಲೇಸೆಂಬ ತಾಯಿಯ ಎಚ್ಚರಿಕೆಯೂ ಇಲ್ಲಿ ನಿಷ್ಫಲ. ಇಂಥ ಬಾವಿನೀರಿನಿಂದ ಹಸುಳೆಗಳ ರಕ್ತವು ಆಮ್ಲಜನಕವನ್ನು ಒಯ್ಯಲಾರದೆ ಮೈ ನೀಲಿಗಟ್ಟುವುದನ್ನು ಅಯೋವಾದ ವೈದ್ಯ ಹಂಟರ್ ಕಾಮ್ಲಿ 1945ರಲ್ಲೇ ಪ್ರಕಟಿಸಿದ್ದರು.

ಆರಿಗನ್ ರಾಜ್ಯದ ಬೋರ್ಡ್‌ಮನ್ ಊರಿನ ಬಂದರು ಸಂಸ್ಥೆಯು ಆಹಾರ ಸಂಸ್ಕರಣ ಕಾರ್ಖಾನೆಗಳ ಸಾರಜನಕಯುಕ್ತ ಕೊಳಚೆನೀರನ್ನು ಸುತ್ತಲಿನ ಹೊಲಗಳಿಗೆ ಹಾಯಿಸುತ್ತ ಬಂದಿತು. ಅನುಮತಿಯ ಮಿತಿಯನ್ನು ಮೀರಿದ್ದಕ್ಕೆ 2022ರಲ್ಲಿ ದಂಡವೂ ಬಿತ್ತು. ಅಲ್ಲಿನ ಅಂತರ್ಜಲ ಕೆಟ್ಟಿದೆಯೆಂದು ಸರ್ಕಾರ ಘೋಷಿಸಿದ್ದು 1990ರಲ್ಲಿ. ಮಾರೋ ಕೌಂಟಿಯು ತುರ್ತುಸ್ಥಿತಿಯನ್ನು ಸಾರಿ, ಮನೆಮನೆಯ ಬಾವಿಗಳ ಪರೀಕ್ಷೆ ಭರದಿಂದ ನಡೆದದ್ದು 2022ರಲ್ಲಿ. ನಡುವೆ ಉರುಳಿದವು 32 ವರ್ಷ!

ಮಾಲಿನ್ಯದ ದೊಡ್ಡ ಪಾಲು ನೀರಾವರಿ ಬೇಸಾಯದ ಗೊಬ್ಬರದ್ದು, ಕಾರ್ಖಾನೆಗಳದು ಅಲ್ಪವೆಂಬ ವಾದವುಂಟು. ಅದು ಸುಳ್ಳಲ್ಲ. ಆದರೆ ಪಾಲಿನ ಲೆಕ್ಕವು ಪರಿಹಾರವನ್ನು ಹಂಚುವಾಗ ಬೇಕು, ಎಚ್ಚರಿಸುವುದಕ್ಕೆ ಬೇಡ. ತಾನು ಹಾಯಿಸಿದುದು ಏನು, ಎಷ್ಟು ಎಂಬುದನ್ನು ಹಾಯಿಸಿದವನು ಬಲ್ಲ. ಕುಡಿಯುವವನಿಗೆ ಅದು ಕಣ್ಣಿಗೂ ನಾಲಗೆಗೂ ಎಟುಕದು. ಆದುದರಿಂದ ನೆರೆಯವನ ಬಾಗಿಲಿಗೆ ಮೊದಲು ಹೋಗಬೇಕಾದವನು ಅವನೇ, ಪರೀಕ್ಷೆಯ ವೆಚ್ಚವನ್ನು ಹೊರಬೇಕಾದವನೂ ಅವನೇ. ಬಾವಿಯ ಒಡೆತನ ಯಾರದೆಂಬ ಪ್ರಶ್ನೆ ಇಲ್ಲಿ ಅಪ್ರಸ್ತುತ.